ಹಳೇ ಕಾಮಿಕ್ಸ್ ಮಾರಾಟ: ಬೆಂಗಳೂರಿನ ಸಂಗ್ರಹಕಾರರ ಮೇಳದಲ್ಲಿ ಟೇಬಲ್ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ರಾಶಿ ಇಂದ್ರಜಾಲ, ಅಮರ ಚಿತ್ರ ಕಥಾ, ಚಂದಮಾಮ ಸಿಕ್ಕಿವೆ ಅಂತಿಟ್ಟುಕೊಳ್ಳಿ. ಹಳೇ ಪೇಪರ್ ಅಂಗಡಿಗೆ ಹಾಕಿದರೆ ಕೆ.ಜಿ. ಲೆಕ್ಕ. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಿಗೆ ಒಯ್ದರೆ ಇಡೀ ರಾಶಿಗೆ ಒಂದೇ ರೇಟು. ಆನ್‌ಲೈನ್‌ನಲ್ಲಿ ಮಾರಲು ಹೋದರೆ ಒಂದೊಂದಕ್ಕೂ ಫೋಟೋ, ಒಂದೊಂದಕ್ಕೂ ಹತ್ತು ಪ್ರಶ್ನೆ, ಆಮೇಲೆ ಪಾರ್ಸಲ್ ಕೆಲಸ. ಹಣವೂ ಬರಬೇಕು, ತಲೆನೋವೂ ಕಮ್ಮಿ ಇರಬೇಕು ಅನ್ನುವವರಿಗೆ ಸಂಗ್ರಹಕಾರರ ಮೇಳದಲ್ಲಿ, ಅಂದರೆ ಹಳೇ ವಸ್ತು ಕೂಡಿಡುವವರು ಕೊಂಡು ಮಾರುವ ಪ್ರದರ್ಶನದಲ್ಲಿ, ಒಂದು ಟೇಬಲ್ ಹಿಡಿಯುವುದೇ ಸರಿಯಾದ ದಾರಿ. ಅಲ್ಲಿ ಕೊಳ್ಳುವವರು ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ದುಡ್ಡು ಅಲ್ಲೇ ಕೈಗೆ ಬರುತ್ತದೆ.

ಆದರೆ ಸುಮ್ನೆ ಟ್ರಂಕು ಹೊತ್ತುಕೊಂಡು ಹೋಗಿ ಕೂತರೆ ಆಗುವುದಿಲ್ಲ. ಯಾರು ಕೊಳ್ಳುತ್ತಾರೆ ಅನ್ನುವುದು ಗೊತ್ತಿದ್ದರೆ ಬೆಲೆ, ಜೋಡಣೆ, ಚೌಕಾಸಿ ಎಲ್ಲ ತಾನಾಗಿಯೇ ದಾರಿಗೆ ಬರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೇಳಕ್ಕೆ ಬರುವವರು ಯಾರು?

ಮುಖ್ಯವಾಗಿ ಮೂರು ಥರದವರು. ಮೊದಲನೆಯವರು ತಮ್ಮ ಬಾಲ್ಯ ಹುಡುಕಿಕೊಂಡು ಬರುವವರು. ಚಿಕ್ಕವರಿದ್ದಾಗ ಓದಿದ ಒಂದು ನಿರ್ದಿಷ್ಟ ಕಥೆ ಬೇಕು, ಅಷ್ಟೇ. ಮುಖಪುಟ ಸ್ವಲ್ಪ ಹರಿದಿದ್ದರೂ ಪರವಾಗಿಲ್ಲ, ಒಳಗಿನ ಪುಟ ಎಲ್ಲಾ ಇರಬೇಕು. ಇವರು ಜಾಸ್ತಿ ಚೌಕಾಸಿ ಮಾಡುವುದಿಲ್ಲ. ಆದರೆ ಒಂದೋ ಎರಡೋ ಕೊಂಡು ಹೊರಡುತ್ತಾರೆ.

ಎರಡನೆಯವರು ನಂಬರ್ ತುಂಬಿಸುವವರು. ಫೋನಿನಲ್ಲೋ ಚೀಟಿಯಲ್ಲೋ ಪಟ್ಟಿ ಇಟ್ಟುಕೊಂಡು, ತಮ್ಮ ಸೆಟ್‌ನಲ್ಲಿ ಇಲ್ಲದ ಸಂಚಿಕೆ ಹುಡುಕುತ್ತಿರುತ್ತಾರೆ. ನಿಮ್ಮ ನಿಜವಾದ ಗಿರಾಕಿಗಳು ಇವರೇ. ಒಮ್ಮೆ ನಂಬಿಕೆ ಬಂದರೆ ವರ್ಷಗಟ್ಟಲೆ ಜೊತೆಗಿರುತ್ತಾರೆ.

ಮೂರನೆಯವರು ವ್ಯಾಪಾರಿಗಳು. ನಿಮ್ಮ ಪಕ್ಕದ ಟೇಬಲಿನವರೂ ಇದರಲ್ಲಿ ಸೇರುತ್ತಾರೆ. ಜನ ಒಳಗೆ ಬರುವುದಕ್ಕೆ ಮುಂಚೆಯೇ ನಿಮ್ಮ ಡಬ್ಬಗಳನ್ನು ತಿರುವಿ ನೋಡಿ, ಒಳ್ಳೆಯದನ್ನು ಎತ್ತಿಟ್ಟು, "ಇಷ್ಟಕ್ಕೂ ಸೇರಿಸಿ ಎಷ್ಟು ಸಾರ್?" ಅನ್ನುವವರು. ಅವರು ಕೆಟ್ಟವರೇನಲ್ಲ. ಮತ್ತೆ ಮಾರಬೇಕಲ್ವಾ, ಕಮ್ಮಿ ರೇಟಿಗೆ ಕೇಳುತ್ತಾರೆ. ಮೊದಲ ಗಂಟೆಯಲ್ಲಿ ಇವರಿಗೆ ಏನನ್ನೂ ಒಟ್ಟಾಗಿ ಕೊಡಬೇಡಿ. ಸಂಜೆ ಮಿಕ್ಕಿದ್ದಕ್ಕೆ ಇವರೇ ಬೇಕಾಗುತ್ತಾರೆ.

ವಿಂಗಡಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ನೆಲದ ಮೇಲೆ ಒಗೆದ ಬೆಡ್‌ಶೀಟ್ ಹಾಸಿ, ಫ್ಯಾನ್ ಆಫ್ ಮಾಡಿ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಕೂರಿ. ಮೊದಲು ಪ್ರಕಾಶನದ ಪ್ರಕಾರ ಗುಂಪು ಮಾಡಿ, ಆಮೇಲೆ ಭಾಷೆ, ಆಮೇಲೆ ನಂಬರ್.

ಇಂದ್ರಜಾಲ ಕಾಮಿಕ್ಸ್ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಬೆನೆಟ್, ಕೋಲ್ಮನ್ ಕಂಪನಿಯದು. 1964ರ ಮಾರ್ಚ್‌ನಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಈ ಅವಧಿಯಲ್ಲಿ ಬಂದದ್ದು 800ಕ್ಕೂ ಹೆಚ್ಚು ಸಂಚಿಕೆ. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಮತ್ತು ಮ್ಯಾಂಡ್ರೇಕ್ ಎಂಬ ಸಾಹಸ ನಾಯಕರು ಇದರ ಬೆನ್ನೆಲುಬು. 1976ರಲ್ಲಿ ಆಬಿದ್ ಸುರತಿಯವರ ಬಹಾದ್ದೂರ್ ಬಂದ. ಮೊದಲ ವರ್ಷಗಳ ಸಂಚಿಕೆಗಳಲ್ಲಿ ಬರೀ ಕ್ರಮಸಂಖ್ಯೆ ಇರುತ್ತದೆ. ಕೊನೆಯ ವರ್ಷಗಳಲ್ಲಿ ಸಂಪುಟ ಸಂಖ್ಯೆ, ಸಂಚಿಕೆ ಸಂಖ್ಯೆ ಎರಡೂ ಬರುತ್ತವೆ. ಎರಡನ್ನೂ ಬೆರೆಸಿ ಇಟ್ಟರೆ ನಂಬರ್ ತುಂಬಿಸುವವರಿಗೆ ಗೊಂದಲ. ಆರಂಭದ ಸಂಚಿಕೆಗಳಿಗೆ ಬೇಡಿಕೆ ಜಾಸ್ತಿ. ಅವುಗಳ ಮುಖಪುಟ ಬರೆದವರು ಬಿ. ಗೋವಿಂದ್. ಹಿಂಬದಿಯ ರಕ್ಷಾಪುಟದಲ್ಲಿ ಪೋಸ್ಟರ್ ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಮಕ್ಕಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಬಿಟ್ಟಿದ್ದಾರೆ. ಹಾಗಾಗಿ ಹಿಂಬದಿ ಇದೆಯಾ ಅಂತ ಮೊದಲು ನೋಡಿ.

ಅಮರ ಚಿತ್ರ ಕಥಾ ವಿಷಯಕ್ಕೆ ಬಂದರೆ, ಹಳೆಯದು ಯಾವುದು, ಮರುಮುದ್ರಣ ಯಾವುದು ಅನ್ನುವುದೇ ದೊಡ್ಡ ಪ್ರಶ್ನೆ. ಒಂದೇ ಕಥೆ ದಶಕಗಟ್ಟಲೆ ಮತ್ತೆ ಮತ್ತೆ ಅಚ್ಚಾಗಿದೆ. 'ಕೃಷ್ಣ' ಪುಸ್ತಕವನ್ನೇ ತೆಗೆದುಕೊಳ್ಳಿ. ಹಳೆಯ ಮುದ್ರಣದ ಮೇಲೆ 11 ಅಂತ ಇರುತ್ತದೆ. ನಂತರದ ಮರುಮುದ್ರಣಗಳಿಗೆ 501ರಿಂದ ಹೊಸ ಎಣಿಕೆ ಶುರುವಾಯಿತು, ಅದರಲ್ಲಿ 'ಕೃಷ್ಣ' 501. ಮೊದಮೊದಲ ಪುಸ್ತಕಗಳಲ್ಲಿ ಹಳದಿ, ನೀಲಿ, ಹಸಿರು ಬಣ್ಣಗಳದೇ ಕಾರುಬಾರು, ಪೂರ್ತಿ ಬಣ್ಣ ಬಂದದ್ದು ಆಮೇಲೆ. ಮುಖಪುಟದ ಬೆಲೆ, ಪ್ರಕಾಶಕರ ವಿಳಾಸ, ಹಿಂಬದಿಯಲ್ಲಿ ಕೊಟ್ಟಿರುವ ಇತರ ಪುಸ್ತಕಗಳ ಪಟ್ಟಿ, ಈ ಮೂರನ್ನೂ ಸೇರಿಸಿ ನೋಡಿದರೆ ಯಾವ ಕಾಲದ ಮುದ್ರಣ ಅನ್ನುವುದು ಸುಮಾರಾಗಿ ತಿಳಿಯುತ್ತದೆ. ಪಟ್ಟಿ ಚಿಕ್ಕದಾದಷ್ಟೂ ಪುಸ್ತಕ ಹಳೆಯದು. ಪಟ್ಟಿಯಲ್ಲಿ ನೂರಾರು ಹೆಸರಿದ್ದರೆ ಮೊದಲ ಮುದ್ರಣ ಅಂತ ಕನಸು ಕಾಣಬೇಡಿ.

'ಕೃಷ್ಣ' 11ನೆಯದು ಹೇಗಾಯಿತು? ಇದರ ಹಿಂದೆ ಬೆಂಗಳೂರಿನ ಕಥೆಯಿದೆ. ಇಲ್ಲಿ, ಅಮರ ಚಿತ್ರ ಕಥಾ ಪ್ರಕಟಿಸುತ್ತಿದ್ದ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ 1965ರಲ್ಲಿ ಕನ್ನಡದಲ್ಲಿ ಮೊದಲ 10 ಪುಸ್ತಕಗಳು ಬಂದವು. ಅವು ಪಾಶ್ಚಾತ್ಯ ದೇಶಗಳ ಕಿನ್ನರ ಕಥೆಗಳು. ಅನಂತ ಪೈ ಅವರ ಸಂಪಾದಕತ್ವದಲ್ಲಿ ನಮ್ಮ ಪುರಾಣ, ಇತಿಹಾಸದ ಸರಣಿ ಶುರುವಾದದ್ದು ಆ ಹತ್ತರ ನಂತರ. ಹಾಗಾಗಿ ಟ್ರಂಕಿನ ತಳದಲ್ಲಿ ಕನ್ನಡದ ಹಳೇ ಕಿನ್ನರ ಕಥೆಯ ಕಾಮಿಕ್ಸ್ ಸಿಕ್ಕಿದರೆ, ಕೃಷ್ಣನೂ ಇಲ್ಲ ರಾಮನೂ ಇಲ್ಲ ಅಂತ ಪಕ್ಕಕ್ಕೆ ಎಸೆಯಬೇಡಿ. ಪ್ರತ್ಯೇಕವಾಗಿ ಎತ್ತಿಡಿ. ಬಲ್ಲವರಿಗೆ ತೋರಿಸಿ.

ಕನ್ನಡದ ಪ್ರತಿಗಳ ಬಗ್ಗೆ ನನ್ನದೊಂದು ಅಭಿಪ್ರಾಯ ಹೇಳಲೇಬೇಕು. ಮಾರುವವರು ಇವುಗಳಿಗೆ ಇಂಗ್ಲಿಷ್ ಪ್ರತಿಗಿಂತ ಕಮ್ಮಿ ಬೆಲೆ ಹಾಕುತ್ತಾರೆ. ಇದು ಉಲ್ಟಾ ಲೆಕ್ಕ. ಕನ್ನಡ ಪುಸ್ತಕಗಳು ಮನೆಮಂದಿಯೆಲ್ಲಾ ಓದಿ, ಪಕ್ಕದ ಮನೆಗೆ ಹೋಗಿ, ಊರಿನ ಲೈಬ್ರರಿ ಸುತ್ತಿ ಹರಿದುಹೋಗಿವೆ. ಒಳ್ಳೆಯ ಸ್ಥಿತಿಯಲ್ಲಿ ಉಳಿದದ್ದು ಕಡಿಮೆ. ಮುಂಬೈನಿಂದಲೋ ಚೆನ್ನೈನಿಂದಲೋ ಬಂದ ವ್ಯಾಪಾರಿಯ ಡಬ್ಬದಲ್ಲಿ ಇಂಗ್ಲಿಷ್ ಇಂದ್ರಜಾಲ ಎಷ್ಟು ಬೇಕಾದರೂ ಇರುತ್ತದೆ. ಕನ್ನಡದ್ದು ಇರುವುದು ನಿಮ್ಮ ಬಳಿ ಮಾತ್ರ. ಕನ್ನಡ ಚಂದಮಾಮ ಶುರುವಾದದ್ದು 1949ರಲ್ಲಿ. ಅದು ಕಾಮಿಕ್ಸ್ ಅಲ್ಲ ನಿಜ, ಆದರೆ ಅದೇ ಜನ ಅದೇ ಟೇಬಲಿನಲ್ಲಿ ಹುಡುಕುತ್ತಾರೆ. ಮಕ್ಕಳ ಪತ್ರಿಕೆ ಬಾಲಮಂಗಳದಲ್ಲಿ ಬರುತ್ತಿದ್ದ ಡಿಂಗನನ್ನು ಕೇಳಿಕೊಂಡು ಬರುವವರೂ ಇದ್ದಾರೆ.

ಉಳಿದಂತೆ ಟಿಂಕಲ್ (1980ರಿಂದ), ಪ್ರಾಣ್ ಅವರ ಚಾಚಾ ಚೌಧರಿ, ಹಿಂದಿಯ ರಾಜ್ ಕಾಮಿಕ್ಸ್, ವಿದೇಶದ ಮಾರ್ವೆಲ್, ಡಿಸಿ. ಇವನ್ನೆಲ್ಲ ಬೇರೆ ಬೇರೆ ಕಟ್ಟು ಮಾಡಿದರೆ ಸಾಕು. ಫೋಟೋಕಾಪಿ ಅಥವಾ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಪ್ರತಿ ಸಿಕ್ಕಿದರೆ ಮನೆಯಲ್ಲೇ ಬಿಡಿ. ನಿಮ್ಮ ಹಳೇ ಪುಸ್ತಕ ಮಾರುವುದಕ್ಕೆ ಅಡ್ಡಿಯಿಲ್ಲ, ಆದರೆ ನಕಲು ಮಾಡಿ ಮಾರುವುದು ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅಪರಾಧ.

ಸ್ಥಿತಿ ನೋಡುವ ಕ್ರಮ

ಪ್ರತಿ ಪುಸ್ತಕವನ್ನೂ ಒಂದೇ ಕ್ರಮದಲ್ಲಿ ನೋಡಿ: ಮುಖಪುಟ, ಬೆನ್ನು, ಪಿನ್ನು, ನಡುಪುಟ, ಹಿಂಬದಿ. ಪುಟಗಳನ್ನು ಎಣಿಸಿಯೇ ಎಣಿಸಿ. ನಡುವಿನ ಜೋಡಿ ಪುಟ ಪಿನ್ನಿನಿಂದ ಕಿತ್ತು ಬರುವುದು ತುಂಬಾ ಸಾಮಾನ್ಯ. ಅದು ಹೋದರೆ ಕಥೆಯ ನಾಲ್ಕು ಪುಟ ಹೋದಂತೆ. ಪದಬಂಧ ತುಂಬಿಸಿದ್ದಾರಾ, ಕೂಪನ್ ಕತ್ತರಿಸಿದ್ದಾರಾ, ಲೈಬ್ರರಿ ಸೀಲ್ ಇದೆಯಾ, ಹೆಸರು ಬರೆದಿದ್ದಾರಾ, ಎಲ್ಲ ಗುರುತು ಮಾಡಿಕೊಳ್ಳಿ. "4ನೇ ತರಗತಿ, ಬಿ ವಿಭಾಗ" ಅಂತ ವಕ್ರ ಅಕ್ಷರದಲ್ಲಿ ಬರೆದದ್ದನ್ನು ರಬ್ಬರ್ ಹಾಕಿ ಉಜ್ಜಬೇಡಿ. ಕಾಗದವೇ ಕಿತ್ತು ಬರುತ್ತದೆ. ಮೇಲಾಗಿ ಬಾಲ್ಯ ಹುಡುಕಿಕೊಂಡು ಬರುವವರಿಗೆ ಅದು ದೋಷವೇ ಅಲ್ಲ.

ಅಮೆರಿಕದಲ್ಲಿ ಸಿಜಿಸಿ ಅನ್ನುವ ಕಂಪನಿ ಕಾಮಿಕ್ಸ್‌ಗೆ 0.5ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತದೆ. ನಮ್ಮ ಬಹುಪಾಲು ಪುಸ್ತಕಗಳಿಗೆ ಇದು ಬೇಡ. ಆ ಕಂಪನಿಯಿರುವ ಫ್ಲಾರಿಡಾಕ್ಕೆ ಕಳಿಸಿ ತರಿಸುವ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ. ನಾಲ್ಕು ದರ್ಜೆ ಇಟ್ಟುಕೊಳ್ಳಿ: ಹೊಸದರಂತಿದೆ, ಚೆನ್ನಾಗಿದೆ, ಓದಲು ಪೂರ್ತಿ ಇದೆ, ಕೊರತೆ ಇದೆ. ಎರಡು ದರ್ಜೆಯ ನಡುವೆ ಅನುಮಾನ ಬಂದರೆ ಕೆಳಗಿನದಕ್ಕೆ ಹಾಕಿ. ಅದರಿಂದ ಕಳೆದುಕೊಳ್ಳುವ ಹಣಕ್ಕಿಂತ, ಗಿರಾಕಿ ಮನೆಗೆ ಹೋಗಿ ಬಿಚ್ಚಿ ನೋಡಿದಾಗ ಸಿಗುವ ನಂಬಿಕೆ ದೊಡ್ಡದು.

ಕೆಲವರ ಮನೆಯಲ್ಲಿ ಹತ್ತು ಹನ್ನೆರಡು ಸಂಚಿಕೆ ಸೇರಿಸಿ ರಟ್ಟು ಹಾಕಿ ಬೈಂಡ್ ಮಾಡಿಸಿರುತ್ತಾರೆ. ಅದನ್ನು ಬಿಚ್ಚಲು ಹೋಗಬೇಡಿ. ಬೈಂಡ್ ಮಾಡುವಾಗಲೇ ಅಂಚು ಕತ್ತರಿಸಿ, ಬೆನ್ನಿಗೆ ಹೊಲಿಗೆ ಹಾಕಿರುತ್ತಾರೆ. ಬಿಚ್ಚಿದರೆ ಸಂಚಿಕೆಯೂ ಉಳಿಯುವುದಿಲ್ಲ, ಸಂಪುಟವೂ ಉಳಿಯುವುದಿಲ್ಲ. ಒಳಗಿನ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಇಡೀ ಸಂಪುಟವನ್ನೇ ಮಾರಿ.

ಶುಚಿ ಮಾಡುವುದು, ಕವರ್ ಹಾಕುವುದು

ಇಲ್ಲಿ ಕಮ್ಮಿ ಮಾಡಿದಷ್ಟೂ ಒಳ್ಳೆಯದು. ಒಣಗಿದ ಮೆತ್ತನೆ ಬ್ರಷ್ಷಿನಿಂದ ಧೂಳು ಹೊಡೆಯಿರಿ. ಒದ್ದೆ ಬಟ್ಟೆ ಬೇಡವೇ ಬೇಡ. ಸೆಲೋ ಟೇಪ್ ಹಾಕಿ ಅಂಟಿಸಬೇಡಿ. ಅದರ ಗೋಂದು ಕೆಲವೇ ವರ್ಷದಲ್ಲಿ ಹಳದಿ ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಹಳೇ ಟೇಪನ್ನು ಕೀಳಲೂಬೇಡಿ, ಬಣ್ಣ ಸಮೇತ ಬರುತ್ತದೆ.

ಮುಗ್ಗಲು ವಾಸನೆ ಬೆಂಗಳೂರಿನ ಮಳೆಗಾಲದ ಕೊಡುಗೆ. ಬಿಸಿಲಿಗೆ ಇಡುವ ಆಸೆಯಾಗುತ್ತದೆ, ಇಡಬೇಡಿ. ಇವೆಲ್ಲ ಅಗ್ಗದ ನ್ಯೂಸ್‌ಪ್ರಿಂಟ್ ಥರದ ಕಾಗದ. ಮರದ ತಿರುಳಿನಲ್ಲಿರುವ ಲಿಗ್ನಿನ್ ಅಂಶ ಬೆಳಕಿಗೂ ಗಾಳಿಗೂ ಹಳದಿಯಾಗುತ್ತದೆ. ಬಿಸಿಲಿನಲ್ಲಿ ಅದು ಇನ್ನೂ ಬೇಗ ಆಗುತ್ತದೆ, ಮುಖಪುಟದ ಬಣ್ಣವೂ ಮಾಸುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಪುಸ್ತಕಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿಟ್ಟರೆ ವಾಸನೆ ತಕ್ಕಮಟ್ಟಿಗೆ ಹೋಗುತ್ತದೆ. ಆಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬ ಮುಚ್ಚಿ. ನುಸಿಗುಳಿಗೆ ಹಾಕಿದರೆ ಹುಳ ಬರುವುದಿಲ್ಲ ನಿಜ, ಆದರೆ ಆ ವಾಸನೆ ಪುಸ್ತಕ ಬಿಟ್ಟು ಹೋಗುವುದೇ ಇಲ್ಲ. ಮೂಗು ಮುಚ್ಚಿಕೊಂಡು ಯಾರು ಕೊಳ್ಳುತ್ತಾರೆ? ಬೆಳ್ಳಿ ಬಣ್ಣದ ಪುಟ್ಟ ಹುಳ ಓಡಾಡುವುದು ಕಂಡರೆ ಆ ಪುಸ್ತಕವನ್ನು ತಕ್ಷಣ ಉಳಿದವುಗಳಿಂದ ದೂರ ಇಡಿ.

ಕವರ್ ಕೊಳ್ಳುವಾಗ ಪಾಲಿಪ್ರೊಪಿಲೀನ್ ಕೇಳಿ. ಮೆತ್ತಗೆ, ಜಿಗುಟಾಗಿ ಇರುವ ಪಿವಿಸಿ ಬೇಡ. ಅದು ಕಾಲಾಂತರದಲ್ಲಿ ಮುಖಪುಟದ ಶಾಯಿಗೆ ಅಂಟಿಕೊಳ್ಳುತ್ತದೆ. ಚಿಕ್ಕಪೇಟೆ ಸುತ್ತಮುತ್ತಲ ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ನೂರರ ಕಟ್ಟಿನಲ್ಲಿ ಸಿಗುತ್ತವೆ. ಪುಸ್ತಕ ಅಳೆದುಕೊಂಡು ಹೋಗಿ. ಟಿಂಕಲ್‌ಗೆ ಸರಿಹೋದದ್ದು ಹಳೇ ಇಂದ್ರಜಾಲಕ್ಕೆ ಸರಿಹೋಗಲೇಬೇಕೆಂದಿಲ್ಲ. ಬೆಲೆಬಾಳುವವಕ್ಕೆ ಹಿಂದೆ ಆಮ್ಲರಹಿತ ರಟ್ಟು ಕೊಡಿ. ಅಗ್ಗದ ಡಬ್ಬದ ಪುಸ್ತಕಗಳಿಗೆ ಕವರ್ ಒಂದೇ ಸಾಕು. ಬೆಲೆ ಚೀಟಿಯನ್ನು ಕವರಿನ ಮೇಲೆ ಅಂಟಿಸಿ, ಪುಸ್ತಕದ ಮೇಲಲ್ಲ.

ಬೆಲೆ ಹಾಕುವುದು

ಎಲ್ಲರೂ ಒಪ್ಪುವ ದರಪಟ್ಟಿ ನಮ್ಮಲ್ಲಿಲ್ಲ. ಹಾಗಾಗಿ ಎರಡು ತುದಿ ಗೊತ್ತುಮಾಡಿಕೊಂಡು ನಡುವೆ ನಿಲ್ಲಬೇಕು. ಕೆಳಗಿನ ತುದಿ ಯಾವುದು? ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು ನಿಮಗೆ ಕೊಡಲು ಒಪ್ಪುವ ದರ. ಹೋಗಿ ಕೇಳಿ, ಮಾರಬೇಕೆಂದೇನಿಲ್ಲ. ಮೇಲಿನ ತುದಿ ಚರ್ಚ್ ಸ್ಟ್ರೀಟಿನಂಥ ಕಡೆ ಹಳೇ ಪುಸ್ತಕದ ಅಂಗಡಿಗಳು ಹಾಕಿರುವ ಬೆಲೆ ಮತ್ತು ಆನ್‌ಲೈನ್‌ನಲ್ಲಿ ನಿಜವಾಗಿ ಮಾರಾಟವಾದ ಬೆಲೆ. "ನಿಜವಾಗಿ ಮಾರಾಟವಾದ" ಅನ್ನುವುದನ್ನು ಮರೆಯಬೇಡಿ. ಹರಿದ ಇಂದ್ರಜಾಲಕ್ಕೆ ಐದು ಸಾವಿರ ಅಂತ ಯಾರು ಬೇಕಾದರೂ ಬರೆಯಬಹುದು. ವರ್ಷದಿಂದ ಹಾಗೇ ಬಿದ್ದಿದ್ದರೆ ಅದು ಬೆಲೆಯಲ್ಲ, ಆಸೆ.

ಆಮೇಲೆ ಖರ್ಚು. ಟೇಬಲ್ ಬಾಡಿಗೆ 3,000, ಗೂಡ್ಸ್ ಆಟೊ ಹೋಗಿ ಬರಲು 1,200, ಊಟ ತಿಂಡಿ, ಕವರು ಸೇರಿ 800 ಅಂತಿಟ್ಟುಕೊಳ್ಳಿ. ಒಟ್ಟು 5,000. ನಿಮ್ಮ ಪುಸ್ತಕಗಳೆಲ್ಲ ನೂರು ರೂಪಾಯಿಯವೇ ಆದರೆ ಮೊದಲ 50 ಪುಸ್ತಕ ಖರ್ಚಿಗೇ ಹೋಯಿತು. ಅಷ್ಟು ಸರಕು ಇಲ್ಲದಿದ್ದರೆ ಇನ್ನೊಬ್ಬರ ಜೊತೆ ಅರ್ಧ ಟೇಬಲ್ ಹಂಚಿಕೊಳ್ಳಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅನ್ನುವುದೊಂದು ಸಮಾಧಾನ.

ಮೂರು ಬೆಲೆ ಮಟ್ಟ ಸಾಕು. ಒಂದು "ಯಾವುದು ತೆಗೆದರೂ ಇಷ್ಟು" ಡಬ್ಬ. ಎರಡನೆಯದು ಚೀಟಿ ಅಂಟಿಸಿದ ಮಧ್ಯಮ ಬೆಲೆಯವು. ಟೇಬಲಿನ ಆದಾಯ ಬರುವುದೇ ಇದರಿಂದ. ಮೂರನೆಯದು ಹಿಂದೆ ನಿಲ್ಲಿಸಿಡುವ ನಾಲ್ಕೈದು ಅಪರೂಪದವು. ಅವು ಮಾರಾಟವಾಗದಿದ್ದರೂ ಜನರನ್ನು ಟೇಬಲಿನತ್ತ ಎಳೆಯುತ್ತವೆ.

ಯಾವ ಮೇಳ?

ಕಾಮಿಕ್ಸ್ ಅಂದ ತಕ್ಷಣ ವೈಟ್‌ಫೀಲ್ಡಿನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಕಾಮಿಕ್ ಕಾನ್ ನೆನಪಾಗುತ್ತದೆ. ಜನಸಾಗರ ಹೌದು. ಆದರೆ ಅಲ್ಲಿ ಟೀಶರ್ಟು, ಗೊಂಬೆ, ವೇಷ ಹಾಕಿದವರ ಜೊತೆ ಫೋಟೋ, ಇವುಗಳದೇ ಅಬ್ಬರ. ಹಳೇ ಪುಸ್ತಕ ತಿರುವಿ ನೋಡುವ ತಾಳ್ಮೆ ಆ ಗದ್ದಲದಲ್ಲಿ ಕಷ್ಟ. ಒಂದು ಟ್ರಂಕಿನ ಸರಕಿಗೆ ನಾಣ್ಯ, ಅಂಚೆಚೀಟಿ, ಹಳೇ ನೋಟುಗಳ ಪ್ರದರ್ಶನಗಳೇ ವಾಸಿ ಅನ್ನುವುದು ನನ್ನ ಲೆಕ್ಕ. ಕೆಂಪೇಗೌಡ ರಸ್ತೆಯ ಶಿಕ್ಷಕರ ಸದನದಂಥ ಕಡೆ ಇಂಥವು ನಡೆಯುತ್ತವೆ. ಮೆಜೆಸ್ಟಿಕ್‌ನಿಂದ ನಡೆದೇ ಬರಬಹುದು, ಹಾಗಾಗಿ ತುಮಕೂರು, ಮೈಸೂರು ಕಡೆಯಿಂದ ಬರುವವರಿಗೂ ಸಲೀಸು. ಬರುವವರು ಭೂತಗನ್ನಡಿ ಹಿಡಿದು ನೋಡುವ ಜನ, ಸಂಚಿಕೆಯ ನಂಬರಿನ ಬೆಲೆ ಅವರಿಗೆ ಗೊತ್ತು.

ಟೇಬಲ್ ಕಾದಿರಿಸುವ ಮುನ್ನ ಒಮ್ಮೆ ಬರೀ ನೋಡಲು ಹೋಗಿ. ಆಯೋಜಕರನ್ನು ಕೇಳಬೇಕಾದದ್ದು: ಟೇಬಲ್ ಉದ್ದ ಎಷ್ಟು, ಕಾಮಿಕ್ಸ್ ಮಾರಲು ಅಡ್ಡಿಯಿಲ್ಲವಾ, ಸಾಮಾನು ಇಳಿಸುವುದು ಎಷ್ಟು ಹೊತ್ತಿಗೆ, ರಾತ್ರಿ ಸಭಾಂಗಣಕ್ಕೆ ಬೀಗ ಹಾಕುತ್ತಾರಾ, ಲಿಫ್ಟ್ ಇದೆಯಾ. ಕಾಗದದ ಡಬ್ಬ ಎಷ್ಟು ಭಾರ ಅನ್ನುವುದು ಎರಡನೇ ಮಹಡಿಗೆ ಹೊತ್ತ ಮೇಲೆ ಗೊತ್ತಾಗುತ್ತದೆ.

ಮೇಳದ ದಿನ

ಡಬ್ಬಗಳು ಚಿಕ್ಕವಿರಲಿ, ಒಬ್ಬರೇ ಎತ್ತುವಷ್ಟು. ಏಪ್ರಿಲ್, ಮೇ ತಿಂಗಳಲ್ಲೂ ಮಧ್ಯಾಹ್ನದ ಮೇಲೆ ಮಳೆ ಸುರಿಯಬಹುದು, ಹಾಗಾಗಿ ಟಾರ್ಪಾಲ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಜೊತೆಗಿರಲಿ. ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ, ಕ್ಯೂಆರ್ ಫಲಕ, ಪವರ್ ಬ್ಯಾಂಕ್, ನೋಟ್‌ಬುಕ್, ಹೆಚ್ಚುವರಿ ಕವರ್, ನೀರು. ಜೊತೆಗೆ ಇನ್ನೊಬ್ಬರು ಇರಲೇಬೇಕು. ಒಬ್ಬರೇ ಇದ್ದರೆ ಶೌಚಾಲಯಕ್ಕೆ ಹೋಗುವುದೂ ಕಷ್ಟ.

ಪುಸ್ತಕಗಳನ್ನು ಮಲಗಿಸಿ ಪೇರಿಸಬೇಡಿ. ಡಬ್ಬದಲ್ಲಿ ನಿಲ್ಲಿಸಿ, ಮುಖಪುಟ ಜನರತ್ತ ತಿರುಗಿರಲಿ, ಬೆರಳಾಡಿಸಲು ಸ್ವಲ್ಪ ಸಡಿಲ ಬಿಡಿ. ಇಂದ್ರಜಾಲ 1–100, 101–200 ಅಂತ ರಟ್ಟಿನ ತುಂಡು ಇಟ್ಟರೆ ನಂಬರ್ ತುಂಬಿಸುವವರು ಸೀದಾ ಅಲ್ಲಿಗೇ ಬರುತ್ತಾರೆ. ಕನ್ನಡದ್ದನ್ನು ಎಲ್ಲಕ್ಕಿಂತ ಮುಂದೆ ಇಡಿ, ಮೇಲೆ ದೊಡ್ಡ ಅಕ್ಷರದಲ್ಲಿ "ಕನ್ನಡ" ಅಂತ ಬರೆಯಿರಿ. ದಾರಿಯಲ್ಲಿ ಹೋಗುವವರ ಕಾಲು ನಿಲ್ಲಿಸುವ ಪದ ಅದು. ಅಗ್ಗದ ಡಬ್ಬ ಮಕ್ಕಳ ಕೈಗೆ ಎಟುಕಲಿ. ಅಪರೂಪದವು ನಿಮ್ಮ ಬೆನ್ನ ಹಿಂದೆ, ಕೇಳಿದರೆ ಮಾತ್ರ ತೆಗೆದುಕೊಡಿ.

ಯುಪಿಐ ವಿಷಯದಲ್ಲಿ ಒಂದೇ ನಿಯಮ. ಗಿರಾಕಿಯ ಫೋನಿನ ಸ್ಕ್ರೀನ್‌ಶಾಟ್ ನೋಡಿ ಪುಸ್ತಕ ಕೊಡಬೇಡಿ, ನಿಮ್ಮ ಫೋನಿಗೆ ಹಣ ಬಂದದ್ದು ಖಾತ್ರಿಯಾಗಲಿ. ಜನ ಜಾಸ್ತಿಯಾದಾಗ ಸಭಾಂಗಣದೊಳಗೆ ನೆಟ್‌ವರ್ಕ್ ಕೈಕೊಡುತ್ತದೆ, ಆಗ ನಗದೇ ಗತಿ.

ಚೌಕಾಸಿ

ಬೆಳಗ್ಗೆ ಮೊದಲ ಗಿರಾಕಿ "ಬೋಣಿ ಮಾಡ್ತೀನಿ, ನೋಡಿಕೊಂಡು ಹೇಳಿ" ಅಂದರೆ ಸ್ವಲ್ಪ ಬಿಟ್ಟುಕೊಡಿ. ಅದು ನಮ್ಮ ಪೇಟೆಯ ರೂಢಿ. ಆದರೆ ಎಷ್ಟು ಬಿಡುತ್ತೀರಿ ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ, ಪ್ರತಿ ಪುಸ್ತಕದ ಕೊನೇ ಬೆಲೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರಿ. ಸ್ಥಳದಲ್ಲೇ ಯೋಚಿಸಲು ಹೋದರೆ ಬಾಯಿ ಜೋರಿದ್ದವರು ಗೆಲ್ಲುತ್ತಾರೆ.

ಒಂದು ಪುಸ್ತಕಕ್ಕೆ ಬೆಲೆ ಇಳಿಸುವುದಕ್ಕಿಂತ ಸಂಖ್ಯೆ ಹೆಚ್ಚಿಸಿಕೊಂಡು ಇಳಿಸುವುದು ಲಾಭ. "ಒಂದಕ್ಕೆ ಕಮ್ಮಿ ಆಗಲ್ಲ ಸಾರ್, ಐದು ತಗೊಳ್ಳಿ, ನಾಲ್ಕರ ದುಡ್ಡು ಕೊಡಿ" ಅನ್ನಿ. ಗಿರಾಕಿ ಕೊರತೆ ಹುಡುಕುವ ಮುಂಚೆ ನೀವೇ ಹೇಳಿಬಿಡಿ: "ಮೇಡಂ, ಇದರ ಹಿಂಬದಿ ಇಲ್ಲ, ಅದಕ್ಕೇ ಈ ಬೆಲೆ." ಅಲ್ಲಿಗೆ ಅದನ್ನೇ ಹಿಡಿದು ಬೆಲೆ ಇಳಿಸುವ ದಾರಿ ಮುಚ್ಚಿತು. ನಿಮ್ಮ ಉಳಿದ ಪುಸ್ತಕಗಳ ಮೇಲೂ ಭರವಸೆ ಬರುತ್ತದೆ.

"ಸಂಜೆ ಬರ್ತೀನಿ, ತೆಗೆದಿಡಿ" ಅನ್ನುವವರು ಬೇಕಾದಷ್ಟು ಜನ. ಮುಂಗಡ ಕೊಟ್ಟರೆ ಎತ್ತಿಡಿ, ಇಲ್ಲದಿದ್ದರೆ "ಇದ್ದರೆ ನಿಮ್ಮದೇ" ಅಂದುಬಿಡಿ. ನಿಮ್ಮಲ್ಲಿ ಇಲ್ಲದ ನಂಬರ್ ಯಾರಾದರೂ ಕೇಳಿದರೆ, ಹೆಸರು, ಫೋನು, ನಂಬರ್ ಬರೆದುಕೊಳ್ಳಿ. ಸಂಜೆಯ ಹೊತ್ತಿಗೆ ಈ ಪುಟ ತುಂಬಿರುತ್ತದೆ. ಮುಂದಿನ ಸಲ ಏನು ಹುಡುಕಿ ತರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇರೆಲ್ಲೂ ಸಿಗುವುದಿಲ್ಲ.

ಮಿಕ್ಕಿದ್ದು

ಕೊನೆಯ ಗಂಟೆಯಲ್ಲಿ ಅಗ್ಗದ ಡಬ್ಬವನ್ನು ವ್ಯಾಪಾರಿಗಳಿಗೆ ಒಟ್ಟಾಗಿ ಕೊಟ್ಟುಬಿಡಿ, ಅವನ್ನು ಮತ್ತೆ ಮನೆಗೆ ಹೊರುವುದು ದಂಡ. ಮಧ್ಯಮ ಬೆಲೆಯವನ್ನು ಆ ದರಕ್ಕೆ ಕೊಡಬೇಡಿ. ಬರೆದುಕೊಂಡ ಪಟ್ಟಿಯವರಿಗೆ ಆ ವಾರದಲ್ಲೇ ಫೋಟೋ ಕಳಿಸಿ, ತಡ ಮಾಡಿದರೆ ಉತ್ಸಾಹ ಇಳಿದುಹೋಗುತ್ತದೆ. ಅಂಚೆಯಲ್ಲಿ ಕಳಿಸುವಾಗ ಪುಸ್ತಕಕ್ಕಿಂತ ಒಂದಿಂಚು ದೊಡ್ಡದಾದ ಎರಡು ದಪ್ಪ ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಆಮೇಲೆ ಹೊರ ಲಕೋಟೆಗೆ ಹಾಕಿ. ಟೇಪು ರಟ್ಟಿಗೆ ಮಾತ್ರ ತಾಗಲಿ. ಸ್ಪೀಡ್ ಪೋಸ್ಟ್ ರಸೀದಿಯ ಫೋಟೋವನ್ನು ಗಿರಾಕಿಗೆ ಅವತ್ತೇ ಕಳಿಸಿ.